ಟ್ರಯಲ್ ದಿನ ಮಲಗುವವಳು ನಾನು

ನಮ್ಮ ಆಯುರ್ವೇದ ಸೆಂಟರ್‌ಗೆ ಹೊಸ ಥೆರಪಿಸ್ಟ್ ಬೇಕಾದಾಗ ಡಾಕ್ಟರ್ ರೆಸ್ಯೂಮೆ ನೋಡುತ್ತಾರೆ, ನಾಲ್ಕು ಮಾತಾಡಿಸುತ್ತಾರೆ, ಆಮೇಲೆ ಟ್ರಯಲ್‌ಗೆ ಕಳಿಸುತ್ತಾರೆ. ಹೆಂಗಸರ ಟ್ರಯಲ್‌ನಲ್ಲಿ ಎಣ್ಣೆ ಹಚ್ಚಿಸಿಕೊಳ್ಳಲು ದ್ರೋಣಿಯ ಮೇಲೆ, ಅಂದರೆ ಎಣ್ಣೆ ಚಿಕಿತ್ಸೆಯ ಮರದ ಮಂಚದ ಮೇಲೆ, ಮಲಗುವವಳು ನಾನು. ಈ ಕೆಲಸಕ್ಕೆ ಬಂದು 11 ವರ್ಷ ಆಯ್ತು. ಹೀಗೆ ಮಲಗಿ ಹೊಸಬರ ಕೈ ನೋಡಲು ಶುರು ಮಾಡಿ 5 ವರ್ಷ. ಹಾಗಾಗಿ ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿತು. ನೀವು ನನ್ನ ಮೈ ಮುಟ್ಟುವ ಮೊದಲೇ ಅರ್ಧ ತೀರ್ಮಾನ ಆಗಿಬಿಟ್ಟಿರುತ್ತದೆ.

ಉಗುರು ನೋಡುತ್ತೇನೆ. ಬುಡದವರೆಗೆ ಕತ್ತರಿಸಿರಬೇಕು, ಬಣ್ಣ ಇರಬಾರದು. ಉಂಗುರ, ಬಳೆ, ವಾಚು ಒಳಗೆ ಬರುವ ಮೊದಲೇ ಬ್ಯಾಗಿಗೆ ಹೋಗಿರಬೇಕು. ಸೆಂಟ್ ಹಾಕಿಕೊಂಡು ಬರಬೇಡಿ, ಮಲ್ಲಿಗೆ ಮುಡಿದು ಬರುವುದೂ ಬೇಡ. ತಲೆನೋವಿಗೆ ಶಿರೋಧಾರಾ, ಅಂದರೆ ಹಣೆಯ ಮೇಲೆ ಎಣ್ಣೆ ಧಾರೆ ಬಿಡುವ ಚಿಕಿತ್ಸೆ, ಮಾಡಿಸಲು ಬಂದವರ ಹಣೆಯ ಹತ್ತಿರವೇ ನೀವು ಮುಕ್ಕಾಲು ಗಂಟೆ ನಿಂತಿರುತ್ತೀರಿ. ಆ ಘಮ ಅವರಿಗೆ ಎಷ್ಟು ಹಿಂಸೆ ಆಗಬಹುದು ಯೋಚಿಸಿ. ಮಧ್ಯಾಹ್ನದ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಬಾಯಿ ತೊಳೆದುಕೊಂಡು ಬನ್ನಿ.

ಹೋದ ವರ್ಷ ಒಂದೇ ದಿನ ಇಬ್ಬರು ಬಂದಿದ್ದರು. ಒಬ್ಬಳ ರೆಸ್ಯೂಮೆ ತುಂಬಾ ಚೆನ್ನಾಗಿತ್ತು. ಕೇರಳದಲ್ಲಿ ಒಂದು ವರ್ಷದ ಪಂಚಕರ್ಮ ಕೋರ್ಸ್, ರೆಸಾರ್ಟ್‌ನಲ್ಲಿ ಅನುಭವ, ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು), ಉದ್ವರ್ತನ, ಪಿಳಿಚ್ಚಿಲ್, ಎಲಕಿಳಿ, ಕಟಿಬಸ್ತಿ, ಹೀಗೆ ಚಿಕಿತ್ಸೆಗಳೆಲ್ಲ ಬರುತ್ತವೆ ಎಂದು ಬರೆದಿದ್ದಳು. ಬಂದವಳೇ ಎಣ್ಣೆ ಬಟ್ಟಲು ಎತ್ತಿ ನನ್ನ ಬೆನ್ನಿನ ಮೇಲೆ ಸುರಿದಳು. ಎಣ್ಣೆ ಬಿಸಿಯಾಗಿಯೇ ಇರಲಿಲ್ಲ. ಒಂದು ಮಾತೂ ಕೇಳಲಿಲ್ಲ. ಕೈ ಚುರುಕಾಗಿತ್ತು, ಅದು ನಿಜ. ಆದರೆ ನನ್ನ ಮೈ ಬಿಗಿಯಾಗಿಯೇ ಉಳಿಯಿತು.

ಇನ್ನೊಬ್ಬಳು ಶಿರಸಿ ಕಡೆಯ ಹಳ್ಳಿಯವಳು. ರೆಸ್ಯೂಮೆ ಅರ್ಧ ಪುಟ. ಮೊದಲು ಕೈ ತೊಳೆದಳು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. "ಅಕ್ಕಾ, ಊಟ ಆಗಿ ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು. ಜ್ವರ ಇದೆಯಾ, ಮುಟ್ಟಾಗಿದ್ದೀರಾ, ಬಿಪಿ ಮಾತ್ರೆ ಏನಾದರೂ, ಎಲ್ಲಾದರೂ ಗಾಯ, ಆಪರೇಷನ್ ಆಗಿದೆಯಾ, ಎಲ್ಲಿ ಜಾಸ್ತಿ ನೋವು ಎಂದೆಲ್ಲ ವಿಚಾರಿಸಿದಳು. ನನ್ನ ಎಡ ಮೀನಖಂಡದಲ್ಲಿ ನರ ಉಬ್ಬಿಕೊಂಡಿದೆ, ನಿಂತೂ ನಿಂತೂ ಬಂದದ್ದು. ನಾನು ಹೇಳುವ ಮೊದಲೇ ನೋಡಿ, "ಇಲ್ಲಿ ಒತ್ತುವುದಿಲ್ಲ ಅಕ್ಕಾ, ಸುಮ್ನೆ ಎಣ್ಣೆ ಸವರುತ್ತೇನೆ" ಎಂದಳು. ಎಣ್ಣೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ತನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಿ, ಆಮೇಲೆ ನನ್ನ ಮೈಗೆ ಹಚ್ಚಿದಳು. ಮತ್ತೆ ಎಣ್ಣೆ ತೆಗೆದುಕೊಳ್ಳುವಾಗಲೂ ಒಂದು ಕೈ ನನ್ನ ಬೆನ್ನ ಮೇಲೆಯೇ ಇತ್ತು. ಮುಗಿದ ಮೇಲೆ ನಾನು ಇಳಿಯುವ ಮೊದಲು ನನ್ನ ಅಂಗಾಲು ಒರೆಸಿದಳು, ಎಣ್ಣೆ ಕಾಲು ಜಾರುತ್ತದಲ್ವಾ. ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರೆ, ಅವಳ ಅಜ್ಜಿ ಊರಲ್ಲಿ ಬಾಣಂತಿಯರಿಗೆ ಎಣ್ಣೆ ನೀರು ಹಾಕುತ್ತಿದ್ದರಂತೆ, ಇವಳು ಚಿಕ್ಕಂದಿನಿಂದ ಜೊತೆಗೆ ಹೋಗುತ್ತಿದ್ದಳಂತೆ. ಅದನ್ನು ರೆಸ್ಯೂಮೆಯಲ್ಲಿ ಬರೆದೇ ಇರಲಿಲ್ಲ! ದಯವಿಟ್ಟು ಬರೆಯಿರಿ. ಅದು ನಿಜವಾದ ಅನುಭವ.

ಕೇಳುವುದು ಯಾಕೆ ಇಷ್ಟು ಮುಖ್ಯ ಅಂದರೆ, ಕೆಲವು ಮೈಗಳನ್ನು ನಾವು ಮುಟ್ಟಲೇಬಾರದು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. ಅಂಥ ಕಾಲು ಕಂಡರೆ ಕೈ ಹಿಂದಕ್ಕೆ ತೆಗೆದು ಡಾಕ್ಟರ್‌ನ್ನು ಕರೆಯಬೇಕು. "ನಾನು ಇದನ್ನು ಮಾಡುವುದಿಲ್ಲ, ಡಾಕ್ಟರ್ ಒಮ್ಮೆ ನೋಡಲಿ" ಎಂದು ಟ್ರಯಲ್‌ನಲ್ಲಿ ಹೇಳುವವರ ಮೇಲೆ ನನಗೆ ತಕ್ಷಣ ನಂಬಿಕೆ ಬರುತ್ತದೆ.

ಇಬ್ಬರು ಸೇರಿ ಮಾಡುವ ಅಭ್ಯಂಗದ ಟ್ರಯಲ್ ಇದ್ದರೆ ನಿಮ್ಮ ಬಲವನ್ನು ತೋರಿಸಲು ಹೋಗಬೇಡಿ. ಎದುರಿಗಿರುವವಳ ಕೈ ನೋಡಿ. ಅವಳ ಕೈ ಭುಜದಿಂದ ಮಣಿಕಟ್ಟಿಗೆ ಇಳಿಯುವಾಗ ನಿಮ್ಮದೂ ಇಳಿಯಬೇಕು, ಅವಳು ಮಂಡಿಯ ಸುತ್ತ ತಿರುಗಿಸುವಾಗ ನೀವೂ ತಿರುಗಿಸಬೇಕು. ಒಂದು ಕಡೆ ಜೋರು, ಇನ್ನೊಂದು ಕಡೆ ಮೆಲ್ಲಗೆ ಆದರೆ ಮಲಗಿದವರಿಗೆ ಅದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಸರ್ಟಿಫಿಕೇಟ್ ಒರಿಜಿನಲ್, ಎರಡು ಜೆರಾಕ್ಸ್, ತೊಳೆದ ಹತ್ತಿ ಚೂಡಿದಾರ್, ಕಟ್ಟಿದ ಕೂದಲು. ಸಾಕು.

ಇನ್ನೊಂದು ವಿಷಯ ಇದೆ, ಇದನ್ನು ಬರೆಯದೆ ಬಿಡಲಾರೆ. ಆ ಜಾಗ ಹೇಗಿದೆ ಎಂದು ನೀವೂ ನೋಡಬೇಕು. ನನ್ನ ಮೊದಲ ಇಂಟರ್‌ವ್ಯೂಗೆ ಊರಿಂದ ಬೆಂಗಳೂರಿಗೆ ಒಬ್ಬಳೇ ಬಂದಿದ್ದೆ. ಅಲ್ಲಿ ಡಾಕ್ಟರ್ ಯಾರೂ ಇರಲಿಲ್ಲ. ನನ್ನ ಸರ್ಟಿಫಿಕೇಟ್ ತೆರೆದೂ ನೋಡಲಿಲ್ಲ. ಪೂರ್ತಿ ನಿಂತಿರುವ ಫೋಟೋ ಇದೆಯಾ ಎಂದು ಕೇಳಿದರು, ಗಂಡಸರಿಗೂ ಮಾಡುತ್ತೀಯಲ್ವಾ, ಕಸ್ಟಮರ್ ಹೇಳಿದ ಹಾಗೆ ಕೇಳಿದರೆ ಟಿಪ್ಸ್ ಚೆನ್ನಾಗಿ ಸಿಗುತ್ತದೆ ಎಂದರು. ನನ್ನ ಕೈಕಾಲು ನಡುಗುತ್ತಿತ್ತು. ಕೆಲಸ ತುಂಬಾ ಬೇಕಿತ್ತು, ಮನೆಯಲ್ಲಿ ಸಾಲ ಇತ್ತು. ಆದರೂ ಎದ್ದು ಬಂದೆ. ಅಂಥ ಮಾತು ಕೇಳಿದರೆ ನೀವೂ ಎದ್ದು ಬನ್ನಿ, ಬಸ್ ಚಾರ್ಜ್ ಹೋದರೆ ಹೋಗಲಿ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ನಿಯಮ ಇದೆಯಾ, ಡಾಕ್ಟರ್ ದಿನಾ ಇರುತ್ತಾರಾ, ಉಳಿಯಲು ಜಾಗ ಎಲ್ಲಿ, ರಾತ್ರಿ ಎಷ್ಟು ಗಂಟೆಯವರೆಗೆ ಕೆಲಸ ಎಂದು ಫೋನ್‌ನಲ್ಲೇ ಕೇಳಿಬಿಡಿ. ಸರಿಯಾದ ಜಾಗದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆ ದಿನ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿ ಊರಿಗೆ ವಾಪಸ್ ಹೋದೆ. ಮೂರು ವಾರದ ಮೇಲೆ ಇನ್ನೊಂದು ಕಡೆಯಿಂದ ಕರೆ ಬಂತು. ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಕೂತಿದ್ದರು. ನಾನು ಫೈಲ್ ಮುಂದೆ ಚಾಚಿದೆ. ಅವರು ಅದನ್ನು ಪಕ್ಕಕ್ಕಿಟ್ಟು, "ಮೊದಲು ಕೈ ತೋರಿಸಮ್ಮ" ಎಂದರು.