ಎರಡು ಬುಧವಾರ, ನಾಲ್ಕು ಹೊಸ ಕಾಮಿಡಿ

2009ರ ಸೆಪ್ಟೆಂಬರ್. ಓದಲು ಅಂತ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ಗೆ ಬಂದು ಆರು ವಾರ ಆಗಿತ್ತು. ವಯಸ್ಸಾದ ಹೆಂಗಸೊಬ್ಬರ ಮನೆಯಲ್ಲಿ ಮಹಡಿ ರೂಮು ಬಾಡಿಗೆಗೆ ಹಿಡಿದಿದ್ದೆ. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳು ದೂರದ ಊರುಗಳಲ್ಲಿ.

ಹಾಲ್‌ನಲ್ಲಿ ಒಂದು ಹಳೇ ಡಬ್ಬಾ ಟಿವಿ ಇತ್ತು. ಆ ಜೂನ್‌ನಲ್ಲಿ ದೇಶದ ದೊಡ್ಡ ಸ್ಟೇಷನ್‌ಗಳೆಲ್ಲ ಡಿಜಿಟಲ್‌ಗೆ ಬದಲಾಗಿದ್ದವು. ಹಾಗಾಗಿ ಟಿವಿ ಮೇಲೊಂದು ಕನ್ವರ್ಟರ್ ಬಾಕ್ಸ್, ಸರ್ಕಾರ ಕೊಟ್ಟ 40 ಡಾಲರ್ ಕೂಪನ್ ಸೇರಿಸಿ ತಂದಿದ್ದು. ಪಕ್ಕದಲ್ಲಿ ಎರಡು ಕಡ್ಡಿಯ ಆಂಟೆನಾ. ಮೊದಲಿನ ಹಾಗೆ ಚುಕ್ಕಿ ಚುಕ್ಕಿಯಾಗಿ ಬರುವುದಿಲ್ಲ. ಸಿಗ್ನಲ್ ಹೋದರೆ ಮುಖಗಳೆಲ್ಲ ಚೌಕ ಚೌಕವಾಗಿ ಒಡೆದು ಹಾಗೇ ನಿಂತುಬಿಡುತ್ತವೆ. ಆಗ ಎದ್ದು ಹೋಗಿ ಕಡ್ಡಿ ತಿರುಗಿಸುವುದು ನನ್ನ ಕೆಲಸ.

ಎಬಿಸಿ ಚಾನೆಲ್ ಆ ವರ್ಷ ಬುಧವಾರ ರಾತ್ರಿ ನಾಲ್ಕು ಹೊಸ ಕಾಮಿಡಿಗಳನ್ನು ಸಾಲಾಗಿ ಹಾಕುವುದಾಗಿ ಜಾಹೀರಾತು ಕೊಡುತ್ತಿತ್ತು. ಹೊಸ ಧಾರಾವಾಹಿಯ ಮೊದಲ ಎಪಿಸೋಡ್ ಅಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಯಾರ್ಯಾರು ಇದ್ದಾರೆ, ಯಾರು ಯಾರಿಗೆ ಏನಾಗಬೇಕು, ಇವರ ಜೊತೆ ಮುಂದಿನ ವಾರವೂ ಕೂರಬಹುದಾ ಅನ್ನುವುದೆಲ್ಲ ಆ ಅರ್ಧ ಗಂಟೆಯಲ್ಲೇ ಗೊತ್ತಾಗಬೇಕು. ಜಾಹೀರಾತು ಕಳೆದರೆ ಸಿಗುವುದು ಇಪ್ಪತ್ತೆರಡು ನಿಮಿಷ ಅಷ್ಟೇ.

ಸೆಪ್ಟೆಂಬರ್ 23. ರಾತ್ರಿ ಒಂಬತ್ತಕ್ಕೆ 'ಮಾಡರ್ನ್ ಫ್ಯಾಮಿಲಿ'. ನನ್ನ ಇಂಗ್ಲಿಷ್ ಕ್ಲಾಸಿಗೆ ಸಾಕಾಗುತ್ತಿತ್ತು, ಜೋಕಿಗೆ ಸಾಲುತ್ತಿರಲಿಲ್ಲ. ಅದಕ್ಕೇ ಕೆಳಗೆ ಅಕ್ಷರ ಬರುವ ಹಾಗೆ ಹಾಕಿಕೊಂಡಿದ್ದೆ. ಅಲ್ಲಿಯವರೆಗೆ ನಾನು ನೋಡಿದ್ದ ಅಮೆರಿಕದ ಕಾಮಿಡಿಗಳಲ್ಲಿ ಹಿಂದಿನಿಂದ ಜನ ನಗುವ ಸದ್ದು ಬರುತ್ತಿತ್ತು. ಆ ಸದ್ದು ಕೇಳಿ, ಓಹೋ ಇದು ಜೋಕು ಅಂತ ನಾನೂ ನಗುತ್ತಿದ್ದೆ. ಇದರಲ್ಲಿ ಆ ಸದ್ದೇ ಇಲ್ಲ! ಪಾತ್ರಗಳು ಸೋಫಾ ಮೇಲೆ ಕೂತು, ಸಾಕ್ಷ್ಯಚಿತ್ರದಲ್ಲಿ ಮಾತಾಡುವ ಹಾಗೆ ಕ್ಯಾಮೆರಾ ನೋಡಿ ಮಾತಾಡುತ್ತಾರೆ. ಮೊದಲ ಐದು ನಿಮಿಷ ಎಲ್ಲಿ ನಗಬೇಕೋ ತಿಳಿಯಲಿಲ್ಲ.

ಆಮೇಲೆ ಆ ಆಟದ ಬಂದೂಕಿನ ಪ್ರಸಂಗ ಬಂತು. ಚಿಕ್ಕ ಹುಡುಗ ಲೂಕ್ ಅಕ್ಕನಿಗೆ ಹೊಡೆದಿದ್ದಾನೆ. ಹಾಗೆ ಮಾಡಿದರೆ ಅಪ್ಪ ಅವನಿಗೂ ಹೊಡೆಯಬೇಕು ಅನ್ನುವುದು ಮನೆಯ ಕರಾರು. ಅಪ್ಪನಿಗೆ ಸುತರಾಂ ಮನಸ್ಸಿಲ್ಲ. ಗಂಡ ಹೆಂಡತಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಮಗನಿಗೆ ಗುಂಡು ಹೊಡೆಯಲು ಯಾವ ಹೊತ್ತು ಬಿಡುವಿದೆ ಅಂತ ಹುಡುಕುತ್ತಾರೆ. ಅಷ್ಟೂ ಹೊತ್ತು ಅವರ ಮುಖದಲ್ಲಿ ನಗುವಿಲ್ಲ, ಡಾಕ್ಟರ್ ಅಪಾಯಿಂಟ್‌ಮೆಂಟ್ ಗೊತ್ತು ಮಾಡುವ ಗಾಂಭೀರ್ಯ. ನನಗೆ ನಗು ತಡೆಯಲಾಗಲಿಲ್ಲ. ಯಾರೂ ಹೇಳಿಕೊಡದೆ, ಆ ದೇಶದ ಜೋಕಿಗೆ ನಾನಾಗಿಯೇ ನಕ್ಕಿದ್ದು ಅದೇ ಮೊದಲು.

ಕೊನೆಯಲ್ಲಿ ಇನ್ನೊಂದು ಸೊಗಸು. ಅಷ್ಟೊತ್ತೂ ಮೂರು ಬೇರೆ ಬೇರೆ ಮನೆಗಳ ಕಥೆ ಅಂದುಕೊಂಡಿರುತ್ತೇವೆ. ಎಲ್ಲರೂ ಒಂದೇ ಹಾಲ್‌ನಲ್ಲಿ ಸೇರಿದಾಗ ಗೊತ್ತಾಗುತ್ತದೆ, ಅಪ್ಪ, ಮಗಳು, ಮಗ, ಎಲ್ಲ ಒಂದೇ ಕುಟುಂಬ ಅಂತ. ವಿಯೆಟ್ನಾಂನಿಂದ ದತ್ತು ತಂದ ಮಗುವನ್ನು ಜೋರು ಸಂಗೀತ ಹಾಕಿ, ಬೆಳಕು ಬಿಟ್ಟು, ಮೇಲೆತ್ತಿ ತೋರಿಸುವಾಗ ಸರಿಯಾಗಿ ನಮ್ಮ ಚಿತ್ರ ಒಡೆಯಿತು. ಓಡಿಹೋಗಿ ಕಡ್ಡಿ ಹಿಡಿದುಕೊಂಡೇ ನಿಂತೆ. ಕೈ ಬಿಟ್ಟರೆ ಮಗು ಮಾಯ. ಅಷ್ಟು ಹತ್ತಿರದಿಂದ ನೋಡಿದ್ದಕ್ಕೋ ಏನೋ, ಆ ದೃಶ್ಯ ಈಗಲೂ ಕಣ್ಣಲ್ಲಿದೆ. ಮುಂದೆ ಅದು ಹನ್ನೊಂದು ಸೀಸನ್ ನಡೆಯಿತು. ಸಾಲಾಗಿ ಐದು ವರ್ಷ ಅತ್ಯುತ್ತಮ ಕಾಮಿಡಿಯ ಎಮ್ಮಿ ಪ್ರಶಸ್ತಿ ಗೆದ್ದಿತು.

ಅದಾದ ಮೇಲೆ 'ಕೂಗರ್ ಟೌನ್'. ನಟಿ ಕೋರ್ಟ್ನಿ ಕಾಕ್ಸ್ ಕನ್ನಡಿ ಮುಂದೆ ನಿಂತು, ತನ್ನ ಚರ್ಮ ಹಿಡಿದು ಎಳೆದು ನೋಡಿಕೊಳ್ಳುವುದರಿಂದ ಶುರು. ಆ ಒಂದು ದೃಶ್ಯದಲ್ಲಿ ನಿಜ ಇತ್ತು. ಉಳಿದದ್ದು ಅವಸರ, ಗಲಾಟೆ. ನಲವತ್ತು ದಾಟಿದ ಹೆಂಗಸು ಚಿಕ್ಕ ವಯಸ್ಸಿನ ಹುಡುಗನ ಹಿಂದೆ ಹೋಗುವುದು ಅನ್ನುವ ಒಂದೇ ಎಳೆಯನ್ನು ಎಷ್ಟು ದಿನ ಎಳೆಯುತ್ತಾರೆ ಅನಿಸಿತು. ಮುಂದೆ ಅವರೇ ಅದನ್ನು ಬಿಟ್ಟು, ಅಕ್ಕಪಕ್ಕದ ಗೆಳೆಯರ ಕಥೆ ಮಾಡಿಕೊಂಡು ಆರು ಸೀಸನ್ ನಡೆಸಿದರು.

ಮುಂದಿನ ಬುಧವಾರ ಎಂಟಕ್ಕೆ 'ಹ್ಯಾಂಕ್'. ನಾನು ಜಾಸ್ತಿ ಕಾದಿದ್ದು ಇದಕ್ಕೇ. ಕೆಲ್ಸಿ ಗ್ರಾಮರ್ 'ಫ್ರೇಜರ್' ಪಾತ್ರವನ್ನು ಇಪ್ಪತ್ತು ವರ್ಷ ಮಾಡಿದ ನಟ. ಇಲ್ಲಿ ಕೆಲಸ ಕಳೆದುಕೊಂಡ ದೊಡ್ಡ ಸಾಹೇಬ. ನ್ಯೂಯಾರ್ಕ್ ಬಿಟ್ಟು, ಹೆಂಡತಿ ಮಕ್ಕಳ ಜೊತೆ ವರ್ಜೀನಿಯಾದ ಸಣ್ಣ ಊರಿಗೆ ಬರುತ್ತಾನೆ. ಹಿಂದಿನ ವರ್ಷದ ಆರ್ಥಿಕ ಕುಸಿತದಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದ ಹೊತ್ತು ಅದು. ಕಥೆ ಕಟ್ಟಲು ಒಳ್ಳೆಯ ಜಾಗವೇ. ಆದರೆ ಪ್ರತಿ ಮಾತಿಗೂ ಆ ನಗುವಿನ ಸದ್ದು. ಅವರು ನಕ್ಕಷ್ಟೂ ನನ್ನ ನಗು ಒಳಗೆ ಹೋಯಿತು. ಅಷ್ಟು ದೊಡ್ಡ ನಟನ ಕೈಗೆ ಅಷ್ಟು ಸಪ್ಪೆ ಮಾತು ಕೊಟ್ಟಿದ್ದು ನೋಡಿ ಬೇಜಾರಾಯಿತು. ಐದು ಎಪಿಸೋಡ್ ಹಾಕಿ ನವೆಂಬರ್‌ನಲ್ಲಿ ನಿಲ್ಲಿಸಿದರು.

ಎಂಟೂವರೆಗೆ 'ದ ಮಿಡಲ್' ಬಂತು. ಮನೆಯೊಡತಿ ಅಲ್ಲಿಯವರೆಗೆ ಪೇಪರ್‌ನಿಂದ ಅಂಗಡಿ ಕೂಪನ್ ಕತ್ತರಿಸುತ್ತಾ ಅರ್ಧ ಮನಸ್ಸಿನಲ್ಲಿ ನೋಡುತ್ತಿದ್ದರು. ಇಂಡಿಯಾನಾ ಅಂತ ಕೇಳಿದ್ದೇ ಕತ್ತರಿ ನಿಂತಿತು. ಆರ್ಸನ್ ಅನ್ನುವ ಊರು, ಕಟ್ಟಿಕೊಂಡ ಹೆಸರು. ಆದರೆ ಕಥೆಯಲ್ಲಿ ಗಂಡ ಮೈಕ್ ಸುಣ್ಣಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುತ್ತಾನೆ. ಬ್ಲೂಮಿಂಗ್ಟನ್ ಸುತ್ತ ಇರುವುದು ಅದೇ ಕಲ್ಲು. ನಮ್ಮ ಯೂನಿವರ್ಸಿಟಿ ಕಟ್ಟಡಗಳು ಅದರವೇ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈ ಕೂಡ ಇಲ್ಲಿಂದ ಹೋದ ಕಲ್ಲು.

ಹೆಂಡತಿ ಫ್ರಾಂಕಿ ಕಾರ್ ಮಾರುವ ಕೆಲಸದವಳು, ಕಾರ್ ಮಾರಾಟವಾಗುತ್ತಿಲ್ಲ. ಮಗಳು ಎಲ್ಲದಕ್ಕೂ ಹೆಸರು ಕೊಡುತ್ತಾಳೆ, ಯಾವುದಕ್ಕೂ ಆಯ್ಕೆಯಾಗುವುದಿಲ್ಲ. ಕಿರಿಯ ಮಗ ಬ್ರಿಕ್ ಮಾತು ಮುಗಿಸಿ, ತಲೆ ಬಗ್ಗಿಸಿ, ಕೊನೆಯ ಪದವನ್ನು ತನ್ನ ಎದೆಗೇ ಇನ್ನೊಮ್ಮೆ ಪಿಸುಗುಟ್ಟುತ್ತಾನೆ. ಅದು ಜೋಕಲ್ಲ. ಅವನು ಇರುವುದೇ ಹಾಗೆ, ಮನೆಯವರು ಅವನನ್ನು ಹಾಗೇ ಇಟ್ಟುಕೊಂಡಿದ್ದಾರೆ. ಅಲ್ಲಿಯೂ ನಗುವ ಸದ್ದಿಲ್ಲ. ಹೊಳಪು ಜಾಸ್ತಿ ಇದ್ದದ್ದು ಮಾಡರ್ನ್ ಫ್ಯಾಮಿಲಿಯಲ್ಲೇ, ನಿಜ. ಆದರೆ ಆ ಮನೆಗಳು ದೊಡ್ಡವು, ಯಾರಿಗೂ ಬಾಡಿಗೆಯ ಚಿಂತೆಯಿಲ್ಲ. ಈ ಮನೆಯಲ್ಲಿ ತಿಂಗಳ ಕೊನೆ ಅನ್ನುವುದು ಒಂದಿದೆ.

ಜಾಹೀರಾತು ಬಂದಾಗ ಮನೆಯೊಡತಿ ಹೇಳಿದರು, "ನಮ್ಮವರೂ ಕ್ವಾರಿಯಲ್ಲೇ ಇದ್ದದ್ದು. ಮನೆಗೆ ಬಂದರೆ ಹುಬ್ಬೆಲ್ಲ ಬಿಳಿ ಪುಡಿ. ತೊಳೆದುಕೊಂಡು ಬನ್ನಿ ಅಂದರೂ ಕೇಳ್ತಿರಲಿಲ್ಲ, ಹಾಗೇ ಇಲ್ಲಿ ಕೂತು ಊಟ ಮಾಡೋರು." ಆರು ವಾರದಲ್ಲಿ ಅವರು ಗಂಡನ ಬಗ್ಗೆ ಮಾತಾಡಿದ್ದು ಅದೇ ಮೊದಲು. ನಾನು ಕೂತಿದ್ದ ಕುರ್ಚಿಯನ್ನೇ ತೋರಿಸಿದ್ದರು. ಏಳಲು ಹೋದೆ. ಬೇಡ, ಕೂತ್ಕೋ ಅಂದರು.

ಮುಂದಿನ ಬುಧವಾರ ನನಗೆ ಪರೀಕ್ಷೆಯ ಓದಿತ್ತು, ಮೇಲೇ ಇದ್ದೆ. ಎಂಟು ಇಪ್ಪತ್ತೈದಕ್ಕೆ ಯಾರೋ ಬಾಗಿಲು ತಟ್ಟಿದರು. ಮೊಣಕಾಲು ನೋವಿಗೆ ಮೆಟ್ಟಿಲೇ ಹತ್ತದವರು ಮೇಲೆ ಬಂದು ನಿಂತಿದ್ದರು. "ಬಾ, ಶುರುವಾಗತ್ತೆ. ಆ ಕಡ್ಡಿ ನನ್ನ ಮಾತು ಕೇಳ್ತಿಲ್ಲ."