ಹೈಡ್ರೋಜನ್ ಬೆಂಚ್, 3ನೇ ಹಂತ: ಹೈಡ್ರೈಡ್ ಡಬ್ಬಿಯ ಜೋಡಣೆ

ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಅದನ್ನು ಲೋಹದ ಪುಡಿಯಲ್ಲಿ (ಹೈಡ್ರೈಡ್ ಆಗಿ) ಹಿಡಿದಿಟ್ಟು, ಬೇಕಾದಾಗ ಫ್ಯುಯೆಲ್ ಸೆಲ್‌ನಲ್ಲಿ ಮತ್ತೆ ವಿದ್ಯುತ್ ಮಾಡುವುದು ಈ ಬೆಂಚಿನ ಕೆಲಸ. ನೀರು ಒಡೆಯುವ ಎಲೆಕ್ಟ್ರೊಲೈಸರ್ ಭಾಗ ಮುಗಿದಿದೆ. 6 ಸೆಲ್‌ಗಳ ಪೆಮ್ (ಪ್ರೋಟಾನ್ ದಾಟಿಸುವ ಪೊರೆಯ) ಸ್ಟ್ಯಾಕ್, 10 ಆಂಪಿಯರ್, ಸೆಲ್‌ಗೆ 2 ವೋಲ್ಟ್. ಒಳಗೆ 120 ವ್ಯಾಟ್ ಹೋದರೆ ಹೊರಗೆ ನಿಮಿಷಕ್ಕೆ ಸುಮಾರು 420 ಮಿಲಿಲೀಟರ್ ಹೈಡ್ರೋಜನ್. 100 ಲೀಟರಿಗೆ ನಾಲ್ಕು ಗಂಟೆ ಬೇಕು, ಅಷ್ಟೂ ಸೇರಿ ತೂಕ ಬರೀ 9 ಗ್ರಾಂ! ನೀರಿನ ದಾರಿಯಲ್ಲಿ ಕಬ್ಬಿಣ, ತಾಮ್ರದ ಫಿಟ್ಟಿಂಗ್ ಬೇಡ. ಅವುಗಳ ಅಯಾನುಗಳು ಪೊರೆಯಲ್ಲಿ ಪ್ರೋಟಾನಿನ ಜಾಗ ಹಿಡಿದು ಕೂತರೆ ಸೆಲ್ ವೋಲ್ಟೇಜ್ ಏರುತ್ತಲೇ ಹೋಗುತ್ತದೆ.

ನಿಜವಾದ ಕಷ್ಟ ಡಬ್ಬಿಯದು. ಲ್ಯಾಂಥನಮ್-ನಿಕಲ್ ಮಿಶ್ರಲೋಹ ತನ್ನ ತೂಕದ ಸುಮಾರು 1.4% ಹೈಡ್ರೋಜನ್ ಹೀರುತ್ತದೆ. 9 ಗ್ರಾಂಗೆ 650 ಗ್ರಾಂ ಪುಡಿ. ಹೀರುವಾಗ ಮೋಲ್‌ಗೆ ಸುಮಾರು 30 ಕಿಲೋಜೂಲ್ ಶಾಖ ಬಿಡುತ್ತದೆ. ನಮ್ಮ ಹರಿವಿಗೆ ಅದು 9 ವ್ಯಾಟ್ ಅಷ್ಟೇ, ಆದರೆ ಪುಡಿ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಒಳಭಾಗ ಬಿಸಿಯಾದಂತೆ ಸಮತೋಲನ ಒತ್ತಡ (ಪುಡಿ ಹೀರುವುದು ನಿಲ್ಲುವ ಒತ್ತಡ) ಏರಿ, ಡಬ್ಬಿ ಅರ್ಧ ಖಾಲಿ ಇದ್ದರೂ ಗೇಜ್ ತುಂಬಿದೆ ಎನ್ನುತ್ತದೆ. ಅದಕ್ಕೇ ತುಂಬಿಸುವಾಗ ಡಬ್ಬಿ ನೀರಿನ ತೊಟ್ಟಿಯಲ್ಲಿರಬೇಕು.

ಬಳಸುವಾಗ ಇದೇ ತಿರುಗುಮುರುಗು. 25 ಡಿಗ್ರಿಯಲ್ಲಿ ಸುಮಾರು 2 ಬಾರ್ ಕೊಡುವ ಪುಡಿ 0 ಡಿಗ್ರಿಗೆ ಇಳಿದರೆ ವಾತಾವರಣದ ಒತ್ತಡಕ್ಕಿಂತ ಕೆಳಗೆ ಹೋಗುತ್ತದೆ, ಫ್ಯುಯೆಲ್ ಸೆಲ್ ಉಪವಾಸ ಬೀಳುತ್ತದೆ. ಸೆಲ್‌ನಿಂದ ಹೊರಬರುವ ಬೆಚ್ಚನೆ ಗಾಳಿಯನ್ನೇ ಡಬ್ಬಿಯ ಮೇಲೆ ಹಾಯಿಸುವುದು ಇದಕ್ಕೆ ಒಳ್ಳೆಯ ಪರಿಹಾರ.

ತೇವ ಮತ್ತು ಆಮ್ಲಜನಕ ಪುಡಿಯ ಶತ್ರುಗಳು. ಡಬ್ಬಿಗೆ ಮೊದಲು ನೀರು ಬೇರ್ಪಡಿಸುವ ಬಾಟಲಿ, ಸಿಲಿಕಾ ಜೆಲ್, ಕೊನೆಗೆ 3ಎ ಮಾಲಿಕ್ಯುಲರ್ ಸೀವ್ (ಉಳಿದ ತೇವ ಹಿಡಿಯುವ ಸಣ್ಣ ರಂಧ್ರಗಳ ಹರಳು), ಇದೇ ಕ್ರಮದಲ್ಲಿ. ಸಿಲಿಕೋನ್ ಕೊಳವೆ ಎಲ್ಲೂ ಬೇಡ, ಹೈಡ್ರೋಜನ್ ಅದರ ಗೋಡೆಯ ಮೂಲಕವೇ ನುಸುಳುತ್ತದೆ.

ಸೋರಿಕೆ ಪರೀಕ್ಷೆ ಮೊದಲು ನೈಟ್ರೋಜನ್‌ನಲ್ಲಿ, ಆಮೇಲೆ ಹೈಡ್ರೋಜನ್‌ನಲ್ಲಿ, ಎರಡು ಸಲವೂ ಡಬ್ಬಿಯ ವಾಲ್ವ್ ಮುಚ್ಚಿಟ್ಟು. ಕೋಣೆಯ ಉಷ್ಣತೆ 3 ಡಿಗ್ರಿ ಇಳಿದರೆ ಒತ್ತಡ 1% ಇಳಿಯುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಗಟ್ಟಿಯಾಗಿರುವ ಜೋಡಣೆಯನ್ನು ಬಿಚ್ಚಬೇಡಿ. ಸೆನ್ಸರ್ ಛಾವಣಿಯ ಹತ್ತಿರವೇ ಇರಲಿ. ಗಾಳಿಯಲ್ಲಿ ಹೈಡ್ರೋಜನ್ 4% ದಾಟಿದರೆ ಕಿಡಿ ತಾಗಿ ಹೊತ್ತಿಕೊಳ್ಳಬಲ್ಲದು, ಹಗಲಲ್ಲಿ ಆ ಜ್ವಾಲೆ ಕಣ್ಣಿಗೆ ಬೀಳುವುದೇ ಇಲ್ಲ.

ದಕ್ಷತೆಯ ಲೆಕ್ಕ ಸರಳ. ಸೋರಿಕೆಯಿಲ್ಲದಿದ್ದರೆ ಒಂದೊಂದು ಸೆಲ್‌ಗೂ ಹಾಕಿದಷ್ಟೇ ಆಂಪಿಯರ್-ಗಂಟೆ ಹಿಂದೆ ಸಿಗುತ್ತದೆ, ಆದರೆ 2 ವೋಲ್ಟ್‌ನಲ್ಲಿ ಕೊಟ್ಟದ್ದು 0.7 ವೋಲ್ಟ್‌ನಲ್ಲಿ ಬರುತ್ತದೆ. ಅಂದರೆ 35%. 480 ವ್ಯಾಟ್-ಗಂಟೆ ಹಾಕಿದರೆ ಹೆಚ್ಚೆಂದರೆ 168. ಫ್ಯಾನ್ ಮತ್ತು ಪರ್ಜ್ ವಾಲ್ವ್ (ಫ್ಯುಯೆಲ್ ಸೆಲ್‌ನಲ್ಲಿ ಕೂಡಿದ್ದನ್ನು ಆಗಾಗ ಹೊರಗೆ ಊದುವ ವಾಲ್ವ್) ಇದರಲ್ಲೇ ಪಾಲು ಕೇಳುತ್ತವೆ. ಪರ್ಜ್ ತೀರಾ ಕಡಿಮೆಯಾದರೆ ಆನೋಡ್‌ನಲ್ಲಿ (ಸೆಲ್‌ನ ಹೈಡ್ರೋಜನ್ ಬದಿಯಲ್ಲಿ) ನೀರು, ನೈಟ್ರೋಜನ್ ಶೇಖರವಾಗಿ ವೋಲ್ಟೇಜ್ ಕುಸಿಯುತ್ತದೆ. ಹಾಗಾಗಿ 4ನೇ ಹಂತದಲ್ಲಿ ವಾಲ್ವನ್ನು ಗಡಿಯಾರಕ್ಕಲ್ಲ, ಸೆಲ್ ವೋಲ್ಟೇಜಿಗೆ ಕಟ್ಟಲಾಗುವುದು.