‘ಅರ್ಥ ಆಯ್ತಾ’ ಅಂತ ಕೇಳುದು ಬಿಟ್ಟಿದ್ದೇನೆ

"ಅರ್ಥ ಆಯ್ತಾ ಮಕ್ಕಳೇ?" "ಆಯ್ತೂ ಟೀಚರ್."

18 ವರ್ಷ ಇದೇ ರಾಗ ಹಾಡಿದವಳು ನಾನು. ಉಡುಪಿ ಹತ್ತಿರದ ಒಂದು ಕನ್ನಡ ಮೀಡಿಯಂ ಹೈಸ್ಕೂಲ್, ನನ್ನದು ವಿಜ್ಞಾನ. ಮಕ್ಕಳ ಆ ‘ಆಯ್ತೂ’ ಅಂದ್ರೆ ಪಾಠ ಅರ್ಥ ಆಯ್ತು ಅಂತ ಅಲ್ಲ ಮಾರಾಯ್ರೆ, ಬೆಲ್ ಹೊಡೆಯುವ ಹೊತ್ತಾಯ್ತು ನಮ್ಮನ್ನು ಬಿಡಿ ಅಂತ. ಇದು ನನ್ನ ಮಂಡೆಗೆ ಹೋಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತು.

ಕಳೆದ ಮಳೆಗಾಲದ ಕಥೆ. ಒಂಬತ್ತನೇ ಕ್ಲಾಸಿಗೆ ದ್ರವ್ಯದ ಪಾಠ, ಅದ್ರಲ್ಲಿ ಆವಿಯಾಗುವಿಕೆ ಬರ್ತದೆ. ಆವಿಯಾಗುವಿಕೆಯ ಮೇಲೆ ಪರಿಣಾಮ ಬೀರುವ ಅಂಶಗಳು ಯಾವುವು ಅಂತ ಟೆಸ್ಟಲ್ಲಿ ಕೇಳಿದೆ, ಮೇಲ್ಮೈ ವಿಸ್ತೀರ್ಣ, ತಾಪ, ಆರ್ದ್ರತೆ (ಗಾಳಿಯಲ್ಲಿರುವ ತೇವ), ಗಾಳಿಯ ವೇಗ ಅಂತ ಹೆಚ್ಚಿನವರೂ ಚಂದ ಬರೆದಿದ್ರು, ನಾನೂ ಖುಷಿಯಲ್ಲಿ ಮಾರ್ಕ್ ಹಾಕಿದೆ. ಹೊರಗೆ ಜೋರು ಮಳೆ. ಸ್ಟಾಫ್ ರೂಮಿನ ಕಿಟಕಿಗೆ ಯಾರದ್ದೋ ರೈನ್‌ಕೋಟ್ ನೇತು ಹಾಕಿತ್ತು, ಬೆಳಿಗ್ಗೆಯಿಂದ ಹಾಗೇ ಚಂಡಿ, ಅಂದ್ರೆ ಒದ್ದೆ. ಅದನ್ನು ನೋಡಿ ಒಂದು ಬುದ್ಧಿ ಬಂತು.

ಮರುದಿನ ಬೆಲ್ ಆಗ್ಲಿಕ್ಕೆ ಐದು ನಿಮಿಷ ಇರುವಾಗ ರಫ್ ಬುಕ್ಕಿನ ಹಾಳೆ ಅರ್ಧ ಹರಿದು ಕೊಡಿ ಅಂದೆ. ಪ್ರಶ್ನೆ ಒಂದೇ, ಜಗಲಿಯಲ್ಲಿ ಮಾಡಿನ ಅಡಿ ಹಾಕಿದ ಬಟ್ಟೆ ಮಳೆಗಾಲದಲ್ಲಿ ಮೂರು ದಿನ ಆದ್ರೂ ಒಣಗುದಿಲ್ಲ ಯಾಕೆ? ಹೆಸರು ಬೇಡ, ಮಾರ್ಕೂ ಇಲ್ಲ. ಮಾರ್ಕಿಲ್ಲ ಅಂದ ಕೂಡ್ಲೇ ಮೊದಲ ಬೆಂಚಿನವ್ರಿಗೆ ಬೇಸರ, ಹಿಂದಿನ ಬೆಂಚಿನವ್ರು ಪೆನ್ ತೆಗೆದ್ರು.

ರಾತ್ರಿ ಊಟ ಆದ್ಮೇಲೆ 38 ಚೀಟಿಗಳನ್ನು ಮೇಜಿನ ಮೇಲೆ ಹರಡಿ ರಾಶಿ ಮಾಡಿದೆ. 21 ಮಂದಿ ‘ಬಿಸಿಲಿಲ್ಲ’ ಅಂತ ಅಷ್ಟೇ. 9 ಮಂದಿ ‘ಮಳೆ ಬೀಳ್ತದೆ’, ಮಾಡಿನ ಅಡಿ ಅಂತ ನಾನು ಎರಡು ಸಲ ಹೇಳಿದ್ದು ಗಾಳಿಗೆ ಹೋಯ್ತು. 5 ಮಂದಿ ಆ ನಾಲ್ಕು ಅಂಶಗಳನ್ನು ಪಟ್ಟಿಯ ಹಾಗೆ ಮತ್ತೆ ಇಳಿಸಿದ್ರು, ಬಟ್ಟೆಯ ಸುದ್ದಿಯೇ ಇಲ್ಲ. ಗಾಳಿಯಲ್ಲೇ ತೇವ ಉಂಟು ಅಂತ ಬರೆದವ್ರು 3 ಜನ. ಹಾಗಾದ್ರೆ ಟೆಸ್ಟಿನಲ್ಲಿ ನಾನು ಮಾರ್ಕ್ ಹಾಕಿದ್ದು ಯಾವುದಕ್ಕೆ? ‘ಆರ್ದ್ರತೆ’ ಎನ್ನುವ ಶಬ್ದದ ಸ್ಪೆಲ್ಲಿಂಗಿಗೆ.

ಪುನಃ ಪಾಠ ಮಾಡ್ಲಿಲ್ಲ. ಎರಡು ಕರ್ಚೀಫ್ ಒಂದೇ ಬಕೆಟಲ್ಲಿ ಅದ್ದಿ ಹಿಂಡಿ, ಒಂದನ್ನು ಫ್ಯಾನಿನ ಅಡಿ ಹರಡಿ, ಇನ್ನೊಂದನ್ನು ನನ್ನದೇ ಟಿಫಿನ್ ಬಾಕ್ಸಲ್ಲಿ ಹಾಕಿ ಮುಚ್ಚಿದೆ. ಎರಡಕ್ಕೂ ಬಿಸಿಲಿಲ್ಲ. ಯಾವುದು ಬೇಗ ಒಣಗ್ತದೆ, ಯಾಕೆ ಅಂತ ಕೇಳಿದ್ದಷ್ಟೇ, ಕರೆಂಟ್ ಹೋಯ್ತು. ನಮ್ಮಲ್ಲಿ ಮಳೆಗಾಲ ಅಂದ್ರೆ ಗೊತ್ತುಂಟಲ್ಲ.

ಪ್ರಶ್ನೆ ಕೇಳಿ ನಾವು ಟೀಚರ್‌ಗಳು ಎಷ್ಟು ಹೊತ್ತು ಸುಮ್ಮನೆ ಇರ್ತೇವೆ ಅಂತ ಅಮೆರಿಕದ ಮೇರಿ ಬಡ್ ರೋ ಅಂತ ಒಬ್ರು ಕ್ಲಾಸುಗಳ ಟೇಪ್ ಕೇಳಿ ಅಳೆದಿದ್ರು, ಸರಾಸರಿ 1 ಸೆಕೆಂಡ್ ಅಂತೆ! ಅದನ್ನು 3 ಸೆಕೆಂಡ್ ಮಾಡಿದ್ರೆ ಸಾಕು, ಮಕ್ಕಳ ಉತ್ತರ ಉದ್ದ ಆಗ್ತದೆ, ‘ಗೊತ್ತಿಲ್ಲ’ ಕಮ್ಮಿ ಆಗ್ತದೆ. ಬಿ.ಎಡ್.ನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ, ಕ್ಲಾಸಲ್ಲಿ ಒಂದು ದಿನ ಮಾಡಿದವಳಲ್ಲ. ಆವತ್ತು ಫ್ಯಾನ್ ನಿಂತು ನಂಗೆ ಎಂತ ಹೇಳ್ಬೇಕು ಅಂತಲೇ ತೋಚದ ಕಾರಣ ಸುಮ್ಮನೆ ನಿಂತೆ. ಆಗ ಹಿಂದಿನ ಬೆಂಚಿನಿಂದ ಒಬ್ಬ, ಮಳೆಗಾಲ ಇಡೀ ಯೂನಿಫಾರ್ಮಿಗೆ ಹೊಗೆ ವಾಸನೆ ಇರುವ ಹುಡುಗ, ಬಾಯಿ ಬಿಟ್ಟರೆ ತುಳುವೇ ಬರುದು ಅವನಿಗೆ, "ಗಾಳಿಡೇ ನೀರ್ ಉಂಡತ್ತಾ ಟೀಚರ್" ಅಂದ. ಗಾಳಿಯಲ್ಲೇ ನೀರುಂಟಲ್ಲ ಅಂತ. ಮತ್ತೆ ಮೆಲ್ಲ ಕನ್ನಡದಲ್ಲಿ, ಅಮ್ಮ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅಂಗಿ ಹಾಕ್ತಾರೆ, ಅಲ್ಲಿ ಗಾಳಿ ಬಿಸಿ ಆಗಿ ಒಣಕಲು ಇರ್ತದೆ, ಹಾಗೆ ಒಂದೇ ರಾತ್ರಿಗೆ ಒಣಗ್ತದೆ ಅಂತ ಹೇಳಿದ. ಇಡೀ ಕ್ಲಾಸ್ ತಿರುಗಿ ನೋಡ್ತು. ಟೆಸ್ಟಲ್ಲಿ ಆ ಪ್ರಶ್ನೆಗೆ ಅವನಿಗೆ ಸೊನ್ನೆ ಹಾಕಿದ್ದೆ, ಒಂದು ಅಕ್ಷರ ಬರೆದಿರ್ಲಿಲ್ಲ.

ಈಗ ಈ ಮಾತಿಗೆ ಮಾರ್ಕ್ ಎಲ್ಲಿ ಹಾಕುದು? ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಉಂಟು, ಉದ್ದೇಶ ಒಳ್ಳೆದೇ. ವರ್ಷಕ್ಕೆ ನಾಲ್ಕು ಎಫ್ಎ (ಪಾಠದ ನಡುವೆ ಮಾಡುವ ಸಣ್ಣ ಮೌಲ್ಯಮಾಪನ), ಎರಡು ಎಸ್ಎ (ಅರ್ಧ ವರ್ಷಕ್ಕೊಂದು ದೊಡ್ಡ ಪರೀಕ್ಷೆ). ಆದ್ರೆ ನಮ್ಮ ಕೈಗೆ ಬರುವಾಗ ಅದು ಕಾಲಂ ತುಂಬಿಸುವ ಕೆಲಸ ಆಗ್ತದೆ, ಚಟುವಟಿಕೆ ಅಂದ್ರೆ ಅಪ್ಪ ಅಮ್ಮ ರಾತ್ರಿ ಕೂತು ಮಾಡಿದ ಥರ್ಮಾಕೋಲ್ ಮಾಡೆಲ್, ಎಲ್ರಿಗೂ ಹೆಚ್ಚುಕಮ್ಮಿ ಒಂದೇ ಮಾರ್ಕ್, ಮತ್ತೆ ಮಕ್ಕಳ ದಾಖಲೆಯ ಸರಕಾರಿ ವೆಬ್‌ಸೈಟ್ ಸ್ಯಾಟ್ಸಲ್ಲಿ ಎಂಟ್ರಿ, ಸರ್ವರ್ ಬ್ಯುಸಿ. ಎಸ್ಸೆಸ್ಸೆಲ್ಸಿಯಲ್ಲಿ 80 ಬರವಣಿಗೆಗೆ, 20 ಇಂಟರ್ನಲ್. ಆ 20ರಲ್ಲಿ ಕಡಿಮೆ ಕೊಟ್ಟ ಟೀಚರನ್ನು ಒಬ್ರಾದ್ರೂ ಕಂಡಿದ್ದೀರಾ? ಅದೂ ನಮ್ಮ ಕರಾವಳಿಯಲ್ಲಿ! 2024ರಲ್ಲಿ ಉಡುಪಿ ರಾಜ್ಯಕ್ಕೇ ಫಸ್ಟ್, 2025ರಲ್ಲಿ ದಕ್ಷಿಣ ಕನ್ನಡ ಫಸ್ಟ್ ಉಡುಪಿ ಸೆಕೆಂಡ್, ರಿಸಲ್ಟ್ ಬಂದ ದಿನ ಮೀನಿನ ಮಾರ್ಕೆಟಲ್ಲೂ ಅದೇ ಮಾತು. ನಂಗೂ ಹೆಮ್ಮೆ ಇಲ್ಲ ಅಂತಲ್ಲ.

ಚೀಟಿ ಈಗ ವಾರಕ್ಕೆ ಎರಡು ಸಲ ಮಾಡ್ತೇನೆ, ದಿನಾ ಆಗುದಿಲ್ಲ, ಓದ್ಲಿಕ್ಕೆ ಪುರುಸೊತ್ತು ಬೇಡ್ವಾ. ಕೆಲವು ಸಲ ಮೂರೇ ರಾಶಿ, ಗೊತ್ತುಂಟು, ಅರ್ಧ ಗೊತ್ತುಂಟು, ಬೇರೆಯೇ ಎಂತದೋ ಗೊತ್ತುಂಟು. ಮೂರನೇ ರಾಶಿ ಓದುದೇ ಮಜಾ.

ಎಸ್ಎ ಒಂದರ ಪ್ರಶ್ನೆಪತ್ರಿಕೆಯಲ್ಲಿ ಬಟ್ಟೆಯ ಪ್ರಶ್ನೆಯನ್ನೇ 2 ಮಾರ್ಕಿಗೆ ಹಾಕಿದೆ. ಹೊಗೆ ವಾಸನೆಯ ಹುಡುಗ ಈ ಸಲ ಜಾಗ ಖಾಲಿ ಬಿಡ್ಲಿಲ್ಲ, ‘ಗಾಳಿಯೇ ಚಂಡಿ ಇದ್ದರೆ ಬಟ್ಟೆಯ ನೀರು ಎಲ್ಲಿಗೆ ಹೋಗುವುದು’ ಅಂತ ಒಂದೇ ಸಾಲು ಬರೆದಿದ್ದ. ಪಕ್ಕದಲ್ಲಿ ಪೇಪರ್ ನೋಡ್ತಿದ್ದ ಮೇಷ್ಟ್ರಿಗೆ ತೋರಿಸಿದೆ. "ಆರ್ದ್ರತೆ ಅಂತ ಬರೀಲಿಲ್ವಲ್ಲ ಟೀಚರ್, ಅರ್ಧ ಕಟ್ ಮಾಡಿ" ಅಂದ್ರು. ನಾನು ಕೆಂಪು ಪೆನ್ನಲ್ಲಿ 2 ಹಾಕಿ ಪೇಜ್ ತಿರುಗಿಸಿದೆ.